ಮಾಧ್ಯಮ ಕಾನೂನಿನ ಕರಡಿಗೆ ನಾವು ಕಳಿಸುವ ಅಭಿಪ್ರಾಯ ಎಲ್ಲಿಗೆ ಹೋಗುತ್ತದೆ?

ಸಣ್ಣ_ಚಾನೆಲ್
ಎಲ್ಲರಿಗೂ ನಮಸ್ಕಾರ. ನಾವು ಮೂವರು ಗೆಳತಿಯರು ಸೇರಿ ಯೂಟ್ಯೂಬಿನಲ್ಲಿ ಒಂದು ಚಿಕ್ಕ ಸುದ್ದಿ ಚಾನೆಲ್ ನಡೆಸುತ್ತೇವೆ. ಹಿಂದೆ ಒಮ್ಮೆ ಒಂದು ಮಾಧ್ಯಮ ಮಸೂದೆಯ ಕರಡು ಹೊರಬಂದಿತ್ತು. ಸಾರ್ವಜನಿಕರು ಆಕ್ಷೇಪಣೆ, ಸಲಹೆ ಕಳಿಸಬಹುದು ಎಂದಿದ್ದರು. ಕರಡು ಓದಿದಾಗ ನಮ್ಮಂಥ ಚಾನೆಲ್‌ಗಳೂ ಅದರೊಳಗೆ ಬರುತ್ತವೆ ಅನ್ನಿಸಿತು. ರಾತ್ರಿ ಕೂತು ಕಲಂವಾರು ಬರೆದು ಇಮೇಲ್ ಮಾಡಿದೆವು. ತಲುಪಿತು ಎನ್ನುವ ಉತ್ತರವೂ ಬರಲಿಲ್ಲ. ಯಾವ ಇಲಾಖೆ ಅನ್ನುವುದು ಇಲ್ಲಿ ಬೇಡ. ನನ್ನ ಪ್ರಶ್ನೆ ಎಲ್ಲ ಇಲಾಖೆಗಳಿಗೂ ಸೇರಿದ್ದು.

ಇಂಥ ಅಭಿಪ್ರಾಯಗಳನ್ನು ಓದಲೇಬೇಕು, ಉತ್ತರ ಕೊಡಲೇಬೇಕು ಎಂಬ ನಿಯಮ ನಮ್ಮ ದೇಶದಲ್ಲಿ ಇದೆಯಾ? ಹೀಗೆ ಬರೆದದ್ದರಿಂದ ಒಂದಾದರೂ ಮಾಧ್ಯಮ ಕಾನೂನು ಬದಲಾಗಿದೆಯಾ? ಮುಂದಿನ ಸಲ ಮತ್ತೆ ಬರೆಯಬೇಕಾ ಬೇಡವಾ ಎಂದು ನಮ್ಮಲ್ಲೇ ಜಗಳ ನಡೆದಿದೆ.

ಬೇಸತ್ತವನು
ಸುಮ್ನೆ ನಿದ್ದೆ ಹಾಳು. ತೀರ್ಮಾನ ಮೊದಲೇ ಆಗಿರುತ್ತದೆ. ಆಮೇಲೆ ನಮ್ಮನ್ನು ಕೇಳುತ್ತಾರೆ.

ಕಾನೂನು_ಓದುವವಳು
ನಿಯಮ ಇದೆ, ಆದರೆ ಅದಕ್ಕೆ ಹಲ್ಲಿಲ್ಲ. 2014ರ ಜನವರಿಯಲ್ಲಿ ಕೇಂದ್ರದ ಕಾರ್ಯದರ್ಶಿಗಳ ಸಮಿತಿ ಶಾಸನಪೂರ್ವ ಸಮಾಲೋಚನಾ ನೀತಿ ಎಂದು ಒಂದನ್ನು ಒಪ್ಪಿತು. ಕರಡು ಕನಿಷ್ಠ 30 ದಿನ ಜನರ ಮುಂದೆ ಇರಬೇಕು. ಜೊತೆಗೆ ಸರಳ ಭಾಷೆಯಲ್ಲಿ ಒಂದು ವಿವರಣೆ ಇರಬೇಕು. ಬಂದ ಅಭಿಪ್ರಾಯಗಳ ಸಾರಾಂಶವನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಅದರಲ್ಲಿ ಇಷ್ಟೆಲ್ಲಾ ಇದೆ.

ತೊಂದರೆ ಏನೆಂದರೆ ಇದು ನೀತಿ, ಕಾಯ್ದೆ ಅಲ್ಲ. ಸಮಾಲೋಚನೆ ಮಾಡುವುದು ಆಗದು ಅನ್ನಿಸಿದರೆ ಸಂಪುಟ ಟಿಪ್ಪಣಿಯಲ್ಲಿ ಕಾರಣ ಬರೆದು ಮುಂದೆ ಹೋಗಬಹುದು. ಆ ಟಿಪ್ಪಣಿ ನಮ್ಮ ಕೈಗೆ ಸಿಗುವುದಿಲ್ಲ. ಇನ್ನು, ನಿಮಗೊಬ್ಬರಿಗೇ ಉತ್ತರ ಕೊಡಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ.

ಬೇಸತ್ತವನು
ಅದನ್ನೇ ನಾನು ಹೇಳಿದ್ದು. 2021ರ ಐಟಿ ನಿಯಮಗಳನ್ನೇ ನೋಡಿ. 2018ರ ಡಿಸೆಂಬರ್ 24ರಂದು ಒಂದು ಕರಡು ಬಂತು. ಅದು ಫೇಸ್‌ಬುಕ್, ವಾಟ್ಸಾಪ್‌ನಂಥ ಮಧ್ಯವರ್ತಿ ಕಂಪನಿಗಳ ಬಗ್ಗೆ. ಜನ ಬರೆದರು, ಕಂಪನಿಗಳು ಬರೆದವು. 2021ರ ಫೆಬ್ರವರಿ 25ಕ್ಕೆ ಅಂತಿಮ ನಿಯಮ ಹೊರಬಿದ್ದಾಗ ಅದರಲ್ಲಿ ಡಿಜಿಟಲ್ ಸುದ್ದಿ ಮತ್ತು ಓಟಿಟಿಗೆ ಒಂದು ಇಡೀ ಭಾಗವೇ ಸೇರಿತ್ತು. ಆ ಭಾಗ 2018ರ ಕರಡಿನಲ್ಲಿ ಇರಲೇ ಇಲ್ಲ! ಇಲ್ಲದ ಕಲಮಿಗೆ ಯಾರು ಹೇಗೆ ಆಕ್ಷೇಪಣೆ ಬರೆಯೋದು?

ಕಾನೂನು_ಓದುವವಳು
ಆ ಮಾತು ಒಪ್ಪುತ್ತೇನೆ. ಆದರೆ ಅದೇ ಉದಾಹರಣೆಯ ಇನ್ನೊಂದು ಮುಖವನ್ನೂ ಹೇಳಿ. 2018ರ ಕರಡಿಗೆ ಬಂದ ಅಭಿಪ್ರಾಯಗಳನ್ನು ಐಟಿ ಸಚಿವಾಲಯ ವೆಬ್‌ಸೈಟಿನಲ್ಲಿ ಹಾಕಿತ್ತು. ಅವುಗಳಿಗೆ ಪ್ರತಿ ಅಭಿಪ್ರಾಯ ಬರೆಯಲೂ 2019ರ ಫೆಬ್ರವರಿಯಲ್ಲಿ ಅವಕಾಶ ಕೊಟ್ಟಿತ್ತು. ಯಾವ ಕಂಪನಿ ಏನು ಕೇಳಿತು ಎಂದು ಎಲ್ಲರಿಗೂ ಕಾಣುತ್ತಿತ್ತು. ಮಾಡುವ ಮನಸ್ಸಿದ್ದರೆ ಆಗುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಸೇರಿಸಿದ ಆ ಭಾಗ ಕೋರ್ಟಿಗೂ ಹೋಯಿತು. ನೀತಿ ಸಂಹಿತೆ ಪಾಲಿಸಬೇಕು ಎನ್ನುವ 9ನೇ ನಿಯಮದ ಎರಡು ಉಪನಿಯಮಗಳಿಗೆ ಬಾಂಬೆ ಹೈಕೋರ್ಟ್ 2021ರ ಆಗಸ್ಟ್ 14ರಂದು ತಡೆಯಾಜ್ಞೆ ಕೊಟ್ಟಿತು.

ಹಳೇ_ಡೆಸ್ಕ್
ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮಗಳೇ, ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಬದಲಾಗಿದೆ, ಒಂದಲ್ಲ ಹಲವು ಸಲ.

1982ರಲ್ಲಿ ಬಿಹಾರದಲ್ಲಿ ಪತ್ರಿಕಾ ಮಸೂದೆ ತಂದರು. ದೇಶದ ಉದ್ದಗಲಕ್ಕೂ ಪತ್ರಕರ್ತರು ಬೀದಿಗಿಳಿದರು. ಮುಂದಿನ ವರ್ಷ ಅದನ್ನು ವಾಪಸ್ ಪಡೆದರು. 1988ರಲ್ಲಿ ರಾಜೀವ್ ಗಾಂಧಿ ಸರ್ಕಾರ ಮಾನಹಾನಿ ಮಸೂದೆ ತಂದಿತು. ಆಗಸ್ಟ್ ಕೊನೆಗೆ ಲೋಕಸಭೆಯಲ್ಲಿ ಪಾಸೂ ಆಯಿತು. ಭಾರೀ ಬಹುಮತದ ಸರ್ಕಾರ ಅದು. ಆದರೂ ಪತ್ರಿಕೆಗಳೆಲ್ಲ ಒಟ್ಟಾಗಿ ನಿಂತವು, ಮುಷ್ಕರ ನಡೆಯಿತು. ಸೆಪ್ಟೆಂಬರ್ ಮುಗಿಯುವುದರೊಳಗೆ ಮಸೂದೆ ಕೈಬಿಟ್ಟರು. ಪರಸ್ಪರ ಮುಖ ನೋಡದ ಮಾಲೀಕರು ಮತ್ತು ನೌಕರರ ಸಂಘಗಳು ಆಗ ಒಂದೇ ಕಡೆ ನಿಂತಿದ್ದರು. ಅದನ್ನು ನೆನೆದರೆ ಈಗಲೂ ಹೆಮ್ಮೆ ಆಗುತ್ತದೆ.

ಗ್ರಂಥಾಲಯ_ಮೂಲೆ
ಸರ್, ಗೌರವದಿಂದಲೇ ಹೇಳುತ್ತೇನೆ, ಅದು ಪ್ರತಿಭಟನೆ. ಇಲ್ಲಿ ಕೇಳುತ್ತಿರುವುದು ಸಮಾಲೋಚನೆಯ ಬಗ್ಗೆ. ಮಸೂದೆ ತಂದ ಮೇಲೆ ಬೀದಿಗಿಳಿದು ನಿಲ್ಲಿಸುವುದು ಬೇರೆ, ಬರೆಯುವ ಹಂತದಲ್ಲೇ ಜನರ ಮಾತು ಸೇರಿಸಿಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ದೊಡ್ಡ ದನಿ ಇದ್ದವರು ಮಾತ್ರ ಗೆಲ್ಲುತ್ತಾರೆ.

ಹಳೇ_ಡೆಸ್ಕ್
ಬೀದಿಯ ಹೆದರಿಕೆ ಇದ್ದಾಗಲೇ ಮಾತುಕತೆಯ ಮೇಜಿನ ಮುಂದೆ ಕುರ್ಚಿ ಸಿಗುವುದು ಕಣಪ್ಪ. ಮಾಹಿತಿ ಹಕ್ಕು ಕಾಯ್ದೆ ಹುಟ್ಟಿದ್ದು ಹೇಗೆ ಎಂದು ನೋಡು. ರಾಜಸ್ಥಾನದ ಹಳ್ಳಿಗಳಲ್ಲಿ ಕೂಲಿಕಾರರು ಜನ ಸುನ್‌ವಾಯಿ, ಅಂದರೆ ಸಾರ್ವಜನಿಕ ವಿಚಾರಣೆ ಮಾಡಿ ಹಾಜರಿ ಪಟ್ಟಿ ತೋರಿಸಿ ಎಂದು ಕೇಳಿದರು. 1996ರಲ್ಲಿ ಪತ್ರಿಕಾ ಮಂಡಳಿಯ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಪಿ. ಬಿ. ಸಾವಂತ್ ಅವರ ನೇತೃತ್ವದಲ್ಲಿ ಒಂದು ಕರಡು ತಯಾರಾಯಿತು. ಕಾಯ್ದೆ ಬಂದದ್ದು 2005ರಲ್ಲಿ. ಬೀದಿ, ಕರಡು, ಕಾಯ್ದೆ ಮೂರೂ ಒಂದೇ ದಾರಿಯಲ್ಲಿವೆ.

ಕೇಬಲ್_ವೈರ್
ನಮ್ಮ ಕಡೆಯಿಂದ ಒಂದು ಮಾತು. ನಾನು ಲೋಕಲ್ ಕೇಬಲ್ ಆಪರೇಟರ್. ಈ ಸ್ಟೇಕ್‌ಹೋಲ್ಡರ್, ಅಂದರೆ ಸಂಬಂಧಪಟ್ಟವರ ಸಭೆ ಅನ್ನುತ್ತಾರಲ್ಲ, ಅಂಥ ಒಂದು ಮುಕ್ತ ಸಭೆಗೆ ಹೋಗಿದ್ದೆ. ಬಾಗಿಲಲ್ಲಿ ಹೆಸರು ಬರೆಸಿ ಒಳಗೆ ಹೋದೆ. ಮುಂದಿನ ಸಾಲಿನಲ್ಲಿ ಬ್ರಾಡ್‌ಕಾಸ್ಟರ್‌ಗಳು, ಅವರ ವಕೀಲರು, ಒಬ್ಬೊಬ್ಬರ ಕೈಯಲ್ಲೂ ಬೈಂಡ್ ಮಾಡಿಸಿದ ಪುಸ್ತಕ. ಆಮೇಲೆ ಡಿಟಿಎಚ್‌ನವರು, ದೊಡ್ಡ ಎಂಎಸ್‌ಒಗಳು, ಅಂದರೆ ನಮ್ಮಂಥ ಆಪರೇಟರ್‌ಗಳಿಗೆ ಸಿಗ್ನಲ್ ಕೊಡುವ ಕಂಪನಿಗಳು. ನಾವು ಕೊನೆಯ ಸಾಲು. ಮೈಕು ನಮ್ಮ ಹತ್ತಿರ ಬರುವ ಹೊತ್ತಿಗೆ ಊಟದ ಸಮಯ ದಾಟಿತ್ತು. ದಯವಿಟ್ಟು ಚುಟುಕಾಗಿ ಹೇಳಿ ಅಂದರು. ನಾನು ಬೇಸಿಕ್ ಪ್ಯಾಕ್ ಹಣ ವಸೂಲಿಯಲ್ಲಿ ನಮಗೆ ಆಗುವ ತೊಂದರೆ ಹೇಳುತ್ತಿದ್ದೆ, ಅಂಕಿ ಅಂಶ ಇದೆಯಾ ಎಂದು ಕೇಳಿದರು. ನನ್ನ ಹತ್ತಿರ ರಸೀದಿ ಪುಸ್ತಕ ಇತ್ತು. ಅಂಕಿ ಅಂಶ ಅನ್ನುವಂಥದ್ದು ಇರಲಿಲ್ಲ.

ಅವರು ಕೆಟ್ಟವರು ಅಂತ ಹೇಳುತ್ತಿಲ್ಲ. ಕೇಳಿಸಿಕೊಂಡರು. ಆದರೆ ಕಂಪನಿಗೆ ಬರೆಯುವುದಕ್ಕೇ ಸಂಬಳದ ಜನ ಇದ್ದಾರೆ. ನಾನು ಕಂಬ ಹತ್ತಿ ಇಳಿದು ಬಂದು ಬರೆಯಬೇಕು. ಇಬ್ಬರಿಗೂ ಅದೇ 30 ದಿನ.

ಸಮುದಾಯ_ರೇಡಿಯೋ
ಕೇಬಲ್ ಅಣ್ಣ ಹೇಳಿದ್ದು ಅಕ್ಷರಶಃ ನಿಜ. 2006ರ ನೀತಿ ಬಂದ ಮೇಲೆ ಸ್ವಯಂಸೇವಾ ಸಂಸ್ಥೆಗಳೂ ಸಮುದಾಯ ರೇಡಿಯೋ ನಡೆಸಬಹುದು. ಆದರೆ ಸ್ವಂತ ಸುದ್ದಿ ಹಾಕುವ ಹಾಗಿಲ್ಲ, ಆಕಾಶವಾಣಿ ಸುದ್ದಿಯನ್ನು ಇದ್ದ ಹಾಗೆ ಮರುಪ್ರಸಾರ ಮಾಡಬಹುದು ಅಷ್ಟೇ. ಪಂಚಾಯಿತಿ ಸಭೆಯಲ್ಲಿ ನಡೆದ ಜಗಳ ನಮ್ಮ ಕೇಳುಗರಿಗೆ ದೊಡ್ಡ ಸುದ್ದಿ. ಈ ನಿರ್ಬಂಧದ ಬಗ್ಗೆ ಕೇಳುಗರನ್ನು ಯಾರಾದರೂ ಕೇಳಬೇಕಲ್ವಾ? ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕ್ರಿಕೆಟ್ ಅಸೋಸಿಯೇಷನ್ ಆಫ್ ಬೆಂಗಾಲ್ ಪ್ರಕರಣ ಅದು. ಸ್ವತ್ತು ಜನರದ್ದಾದರೆ ಜನರೂ ಸ್ಟೇಕ್‌ಹೋಲ್ಡರೇ.

ಸಿನಿಮಾ_ಸಹಾಯಕ
ಬರೆದದ್ದರಿಂದ ಬದಲಾದ ಉದಾಹರಣೆ ನಮ್ಮ ಕ್ಷೇತ್ರದಲ್ಲಿದೆ. 2021ರ ಜೂನ್ 18ರಂದು ಸಿನಿಮಾಟೋಗ್ರಾಫ್ ತಿದ್ದುಪಡಿ ಮಸೂದೆಯ ಕರಡು ಬಂತು. ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕ ಚಿತ್ರವನ್ನೂ ಮತ್ತೆ ಪರಿಶೀಲಿಸಿ ಎಂದು ಕೇಂದ್ರ ಸರ್ಕಾರ ಮಂಡಳಿಗೆ ಹೇಳಬಹುದು ಅನ್ನುವ ಕಲಂ ಅದರಲ್ಲಿತ್ತು. ಕೊಟ್ಟ ಸಮಯ ಜುಲೈ 2ರವರೆಗೆ, ಅಂದರೆ ಎರಡೇ ವಾರ. ನಿರ್ದೇಶಕರು, ನಟರು, ತಂತ್ರಜ್ಞರು ಸಹಿ ಹಾಕಿ ಪತ್ರ ಬರೆದರು. 2023ರ ಜುಲೈನಲ್ಲಿ ಸಂಸತ್ತಿನಲ್ಲಿ ಪಾಸಾದ ಮಸೂದೆಯಲ್ಲಿ ಆ ಅಧಿಕಾರ ಇರಲಿಲ್ಲ.

ಇದಕ್ಕೆ ನಮ್ಮ ಕರ್ನಾಟಕದ ನಂಟೂ ಇದೆ. ಅಂಥದ್ದೇ ಅಧಿಕಾರ ಹಳೇ ಕಾಯ್ದೆಯಲ್ಲಿ ಇತ್ತು. ಕನ್ನಡದ ಚಿತ್ರ ನಿರ್ದೇಶಕ ಕೆ. ಎಂ. ಶಂಕರಪ್ಪ ಕೋರ್ಟಿಗೆ ಹೋದರು. 1990ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು, 2000ದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2021ರಲ್ಲಿ ಆಕ್ಷೇಪಣೆ ಬರೆದವರೆಲ್ಲ ಹಿಡಿದುಕೊಂಡ ಆಧಾರ ಆ ತೀರ್ಪು. ಒಬ್ಬ ಮನುಷ್ಯ ಪಟ್ಟು ಹಿಡಿದದ್ದು ಅಷ್ಟು ವರ್ಷಗಳ ಮೇಲೂ ಕೆಲಸಕ್ಕೆ ಬಂತು.

ಬೇಸತ್ತವನು
ಅದು ತೀರ್ಪಿನಿಂದ ಆದದ್ದು ಅನ್ನಿ. ಪತ್ರದಿಂದ ಆಯಿತು ಅಂತ ಸರ್ಕಾರ ಎಲ್ಲಿ ಹೇಳಿದೆ?

ಸಿನಿಮಾ_ಸಹಾಯಕ
ಹೇಳಿಲ್ಲ, ಅದೇ ನನ್ನ ದೂರು. ಯಾರ ಮಾತಿಗೆ ಬಗ್ಗಿದರು ಎಂದು ಬರೆದು ಹಾಕಿದ್ದರೆ ಮುಂದಿನ ಸಲ ಬರೆಯುವವರಿಗೆ ಧೈರ್ಯ ಬರುತ್ತಿತ್ತು.

ಗ್ರಂಥಾಲಯ_ಮೂಲೆ
ಪತ್ರಿಕೆಗಳ ನೋಂದಣಿ ಕಾಯ್ದೆಯಲ್ಲೂ ಹೀಗೇ ಆಯಿತು. 1867ರ ಕಾಯ್ದೆ ಬದಲಿಸಲು 2019ರಲ್ಲಿ ಕರಡು ಬಂದಾಗ ಡಿಜಿಟಲ್ ಸುದ್ದಿಯೂ ಅದರಲ್ಲಿತ್ತು. 2023ರಲ್ಲಿ ಪಾಸಾಗಿ 2024ರ ಮಾರ್ಚ್ 1ರಿಂದ ಜಾರಿಗೆ ಬಂದ ಕಾಯ್ದೆಯಲ್ಲಿ ಅದು ಇಲ್ಲ. ನಡುವೆ ಏನಾಯಿತು ಎಂದು ಓದುಗರು ಊಹಿಸಿಕೊಳ್ಳಬೇಕು.

ನೆಟ್_ನಿಯತ್ತು
ಯಾರೂ ನೆಟ್ ನ್ಯೂಟ್ರಾಲಿಟಿ ಹೇಳಲಿಲ್ಲವಲ್ಲ! ಇಂಟರ್ನೆಟ್ ಕೊಡುವ ಕಂಪನಿ ಎಲ್ಲ ವೆಬ್‌ಸೈಟುಗಳನ್ನೂ ಒಂದೇ ರೀತಿ ನೋಡಬೇಕು ಎನ್ನುವ ಮಾತು ಅದು. 2015ರ ಮಾರ್ಚಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಒಂದು ಸಮಾಲೋಚನಾ ಪತ್ರ ಹೊರತಂದಿತು. ನೂರು ಪುಟ ದಾಟುವ, ಸಾಮಾನ್ಯ ಜನಕ್ಕೆ ತಲೆಬುಡ ತಿಳಿಯದ ಪತ್ರ. ಕೆಲವರು ಕೂತು ಅದನ್ನು ಸರಳ ಮಾಡಿ, ಪ್ರಶ್ನೆ ಪ್ರಶ್ನೆಗೂ ಉತ್ತರ ಸಿದ್ಧಪಡಿಸಿ ಒಂದು ವೆಬ್‌ಸೈಟಿನಲ್ಲಿ ಹಾಕಿದರು. ಹತ್ತು ಲಕ್ಷಕ್ಕೂ ಜಾಸ್ತಿ ಇಮೇಲ್ ಹೋದವು. ವರ್ಷದ ಕೊನೆಗೆ ಎರಡನೇ ಸುತ್ತು. ಆಗ ಫೇಸ್‌ಬುಕ್ ಆಯ್ದ ಕೆಲವು ಸೈಟುಗಳನ್ನು ಮಾತ್ರ ಉಚಿತವಾಗಿ ಕೊಡುವ ತನ್ನ ಫ್ರೀ ಬೇಸಿಕ್ಸ್ ಪರವಾಗಿ ಬಳಕೆದಾರರಿಂದ ಸಿದ್ಧ ಇಮೇಲ್ ಹೋಗುವಂತೆ ಮಾಡಿತು. ನಾವು ಕೇಳಿದ ಪ್ರಶ್ನೆಗೆ ಇದರಲ್ಲಿ ಉತ್ತರವೇ ಇಲ್ಲ ಎಂದು ಟ್ರಾಯ್ ಹೇಳಿತು. 2016ರ ಫೆಬ್ರವರಿ 8ರಂದು ಬಂದ ಆದೇಶ ತಾರತಮ್ಯದ ಡೇಟಾ ದರಗಳನ್ನು ನಿಷೇಧಿಸಿತು. ಜನ ಗೆದ್ದರು.

ಬೇಸತ್ತವನು
ಆ ಹತ್ತು ಲಕ್ಷವೂ ಸಿದ್ಧ ಇಮೇಲೇ ಅಲ್ವಾ? ನಮ್ಮವರು ಕಳಿಸಿದರೆ ಜನಾಭಿಪ್ರಾಯ, ಕಂಪನಿ ಕಳಿಸಿದರೆ ಮೋಸ ಅಂದರೆ ಹೇಗೆ?

ನೆಟ್_ನಿಯತ್ತು
ವ್ಯತ್ಯಾಸ ಇದೆ. ಒಂದರಲ್ಲಿ ಕೇಳಿದ ಪ್ರಶ್ನೆಗೆ ಕಾರಣ ಸಹಿತ ಉತ್ತರ ಇತ್ತು. ಇನ್ನೊಂದರಲ್ಲಿ ನಮಗೆ ಇದು ಇಷ್ಟ ಅನ್ನುವುದು ಬಿಟ್ಟರೆ ಏನೂ ಇರಲಿಲ್ಲ.

ಗ್ರಂಥಾಲಯ_ಮೂಲೆ
ಎಣಿಕೆಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ನೋಡಿ. 2017ರಲ್ಲಿ ಅಲ್ಲಿನ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿಗೆ ಇದೇ ವಿಷಯಕ್ಕೆ ಎರಡು ಕೋಟಿ ದಾಟಿ ಅಭಿಪ್ರಾಯ ಬಂದವು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ 2021ರಲ್ಲಿ ಕೊಟ್ಟ ವರದಿ ಪ್ರಕಾರ ಅದರಲ್ಲಿ ಸುಮಾರು 1 ಕೋಟಿ 80 ಲಕ್ಷ ನಕಲಿ. 85 ಲಕ್ಷಕ್ಕೆ ಬ್ರಾಡ್‌ಬ್ಯಾಂಡ್ ಕಂಪನಿಗಳ ಹಣ ಇತ್ತು. ಇನ್ನೊಂದು ಕಡೆಯಿಂದ 19 ವರ್ಷದ ಒಬ್ಬ ಕಾಲೇಜು ಹುಡುಗ ಒಬ್ಬನೇ ಸುಳ್ಳು ಹೆಸರುಗಳಲ್ಲಿ 77 ಲಕ್ಷ ಹಾಕಿದ್ದ! ಸಮಾಲೋಚನೆ ಅಂದರೆ ಓಟು ಎಣಿಸುವುದಲ್ಲ. ಒಬ್ಬರೇ ಬರೆದ ಪತ್ರದಲ್ಲಿ ಸರಿಯಾದ ಮಾತಿದ್ದರೆ ಅದು ಲೆಕ್ಕಕ್ಕೆ ಬರಬೇಕು.

ಸಂಜೆ_ಓದುಗ
2015ರಲ್ಲಿ ಟ್ರಾಯ್ ಆ ಇಮೇಲ್‌ಗಳನ್ನು ಪ್ರಕಟಿಸಿದಾಗ ಕಳಿಸಿದವರ ಇಮೇಲ್ ವಿಳಾಸಗಳೂ ಹೊರಗೆ ಬಂದವು ಅನ್ನುವುದನ್ನು ಮರೆಯಬೇಡಿ. ಲಕ್ಷಾಂತರ ಜನರ ವಿಳಾಸ. ಪಾರದರ್ಶಕತೆ ಬೇಕು, ಆದರೆ ಬರೆದವರ ವಿಳಾಸ ಯಾಕೆ ಬೇಕು?

ಟಿವಿ_ಆಫ್
ಇದೆಲ್ಲ ಇರಲಿ, ಟಿವಿಯಲ್ಲಿ ಸಂಜೆ ಆರರಿಂದ ಹತ್ತರವರೆಗೆ ಕಿರುಚಾಡುತ್ತಾರಲ್ಲ, ಅದಕ್ಕೆ ಯಾವ ಕಾನೂನು? ನಮ್ಮ ತಂದೆಗೆ ಬಿಪಿ ಜಾಸ್ತಿ ಆಗೋದು ಆ ಚರ್ಚೆ ನೋಡಿಯೇ.

ಹಳೇ_ಡೆಸ್ಕ್
ಮೊದಲು ಆ ಚಾನೆಲ್ಲಿಗೇ ಲಿಖಿತ ದೂರು ಕೊಡಿ. ಒಪ್ಪುವ ಉತ್ತರ ಬರದಿದ್ದರೆ ಆ ಚಾನೆಲ್ ಯಾವ ಸ್ವನಿಯಂತ್ರಣ ಸಂಸ್ಥೆಯ ಸದಸ್ಯನೋ ಅಲ್ಲಿಗೆ ಹೋಗಬಹುದು. ಕಾರ್ಯಕ್ರಮದ ದಿನ, ಹೊತ್ತು ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ದೂರು ನಿಲ್ಲುವುದಿಲ್ಲ. ಅಪ್ಪನಿಗೆ ಆ ಹೊತ್ತಿನಲ್ಲಿ ರೇಡಿಯೋ ಹಾಕಿಕೊಡಿ.

ಕಿವಿಯಿಂದ_ಓದು
ನನಗೆ ಕಣ್ಣು ಕಾಣುವುದಿಲ್ಲ, ಸ್ಕ್ರೀನ್ ರೀಡರ್ ಬಳಸುತ್ತೇನೆ. ಒಂದು ಸಲ ಒಂದು ಕರಡು ಡೌನ್‌ಲೋಡ್ ಮಾಡಿದೆ. ಪಿಡಿಎಫ್ ತೆರೆದರೆ ಯಂತ್ರ 'ಖಾಲಿ ಪುಟ' ಎಂದಿತು. ಮುಂದಿನ ಪುಟವೂ ಖಾಲಿ, ಅದರ ಮುಂದಿನದೂ ಖಾಲಿ. ಕಾಗದಕ್ಕೆ ಸಹಿ ಹಾಕಿ, ಸ್ಕ್ಯಾನ್ ಮಾಡಿ, ಚಿತ್ರವನ್ನೇ ಪಿಡಿಎಫ್ ಮಾಡಿ ಹಾಕಿದ್ದರು. ಇಲಾಖೆಗೆ ಫೋನ್ ಮಾಡಿದೆ, ವರ್ಡ್ ಪ್ರತಿ ಕಳಿಸಲು ಆಗುವುದಿಲ್ಲ ಎಂದರು. ಕೊನೆಗೆ ತಂಗಿ ಓದಿ ಹೇಳಿದಳು.

2023ರ ಪ್ರಸಾರ ಸೇವೆಗಳ ಕರಡಿನಲ್ಲಿ ಸಬ್‌ಟೈಟಲ್, ಸಂಕೇತ ಭಾಷೆ, ದೃಶ್ಯ ವಿವರಣೆಯ ದನಿ ಇವೆಲ್ಲದರ ಪ್ರಸ್ತಾಪ ಇತ್ತು. ತುಂಬ ಒಳ್ಳೆಯದು, ನಮಗೆ ಬೇಕಾದದ್ದೇ ಅದು. ಇಂಥ ಕಲಂ ಹೇಗಿರಬೇಕು ಎಂದು ಹೇಳಬೇಕಾದವರು ನಾವು. ಕರಡೇ ನಮಗೆ ಓದಲು ಬರದಿದ್ದರೆ ಹೇಳುವುದು ಹೇಗೆ?

ಸಣ್ಣ_ಚಾನೆಲ್
ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಸ್ಕ್ಯಾನ್ ಮಾಡಿದ ಪ್ರತಿ ಬೇಡ ಅನ್ನುವುದನ್ನು ಮುಂದಿನ ಪತ್ರದ ಮೊದಲ ಬೇಡಿಕೆ ಮಾಡುತ್ತೇವೆ.

ಬಯಲು_ಮೇಷ್ಟ್ರು
ಜೊತೆಗೆ ಭಾಷೆಯದ್ದೂ ಸೇರಿಸಿ. ನಮ್ಮಲ್ಲಿ ಪತ್ರಿಕೆ ಓದುವ, ಕೇಬಲ್ ನೋಡುವ ಬಹುಪಾಲು ಜನ ಇಂಗ್ಲಿಷಿನಲ್ಲಿ ಕಾನೂನು ಓದಲಾರರು. 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆ ಬಂದಾಗ ಒಬ್ಬರು ದೆಹಲಿ ಹೈಕೋರ್ಟಿಗೆ ಹೋದರು. ಎಂಟನೇ ಅನುಸೂಚಿಯ 22 ಭಾಷೆಗಳಲ್ಲೂ ಪ್ರಕಟಿಸಿ ಎಂದು ಕೋರ್ಟ್ ಹೇಳಿತು. ಪರಿಸರಕ್ಕೆ ಆಗುವುದಾದರೆ ಮಾಧ್ಯಮಕ್ಕೂ ಆಗಬೇಕು.

ಲೆಕ್ಕದವನು
ಎಲ್ಲರೂ ಒಂದೇ ದಿಕ್ಕಿನಲ್ಲಿ ಮಾತಾಡುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. 22 ಭಾಷೆ, ಪ್ರತಿ ಅಭಿಪ್ರಾಯ, ಮುಕ್ತ ಸಭೆ, ಮತ್ತೆ ಉತ್ತರ ಅಂತ ಕೂತರೆ ಕಾನೂನು ಆಗುವುದು ಯಾವಾಗ? ಡೀಪ್‌ಫೇಕ್ ವಿಡಿಯೋ ಒಂದು ಹುಡುಗಿಯ ಬದುಕನ್ನು ಒಂದು ರಾತ್ರಿಯಲ್ಲಿ ಹಾಳು ಮಾಡುತ್ತದೆ. ಅಂಥದ್ದಕ್ಕೆ ತುರ್ತು ಇದೆ. ಸರ್ಕಾರ ನಡೆಸುವವರ ಕಷ್ಟವೂ ಅರ್ಥ ಮಾಡಿಕೊಳ್ಳಿ.

ಕಾನೂನು_ಓದುವವಳು
ತುರ್ತು ನಿಜ ಸರ್. ಎಐ ತಯಾರಿಸಿದ ವಿಡಿಯೋಗೆ ಲೇಬಲ್ ಹಾಕಬೇಕು ಎಂಬ ಕರಡು 2025ರ ಅಕ್ಟೋಬರ್ 22ರಂದು ಬಂತು. ಮೊದಲು ಕೊಟ್ಟ ಸಮಯ ನವೆಂಬರ್ 6ರವರೆಗೆ. ಲೇಬಲ್ ಪರದೆಯ ಕನಿಷ್ಠ ಶೇ 10ರಷ್ಟು ಜಾಗದಲ್ಲಿ ಇರಬೇಕು ಅನ್ನುವುದೂ ಅದರಲ್ಲಿತ್ತು. ಮೊಬೈಲಿನಲ್ಲಿ ವಿಡಿಯೋ ಎಡಿಟ್ ಮಾಡುವ ಹುಡುಗರನ್ನು ಕೇಳದೆ ಆ ಶೇ 10 ಸರಿಯೋ ತಪ್ಪೋ ಹೇಗೆ ಗೊತ್ತಾಗುತ್ತದೆ?

ಅವಸರ ಮಾಡಿದ್ದಕ್ಕೆ ಏನಾಯಿತು ಎಂದೂ ನೋಡಿದ್ದೇವೆ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಎನಿಸಿದ್ದನ್ನು ಬರೆದರೆ ಶಿಕ್ಷೆ ಎನ್ನುವ ಐಟಿ ಕಾಯ್ದೆಯ 66ಎ ಸೇರಿದ 2008ರ ತಿದ್ದುಪಡಿ ಸಂಸತ್ತಿನಲ್ಲಿ ಚರ್ಚೆಯೇ ಇಲ್ಲದೆ ಪಾಸಾಯಿತು. ಫೇಸ್‌ಬುಕ್ ಪೋಸ್ಟಿಗೆ, ಲೈಕಿಗೆ ಜನರ ಬಂಧನ ಆಯಿತು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಸರ್ಕಾರದ ಫ್ಯಾಕ್ಟ್ ಚೆಕ್ ಘಟಕದ ನಿಯಮ 2023ರ ಏಪ್ರಿಲ್‌ನಲ್ಲಿ ಬಂತು, 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಬಿತ್ತು. ಮೊದಲೇ ಕೇಳಿ ತಿದ್ದಿದ್ದರೆ ಆ ವರ್ಷಗಳು ಉಳಿಯುತ್ತಿದ್ದವು.

ಸಮಾಲೋಚನೆಯನ್ನು ಕಾಯ್ದೆಯಾಗಿಯೇ ಮಾಡಿ ಎಂಬ ಮಾತನ್ನು ಸುಪ್ರೀಂ ಕೋರ್ಟೂ ಎತ್ತಿದೆ. ಕಾಲ್ ಡ್ರಾಪ್ ಪರಿಹಾರದ ಪ್ರಕರಣದ 2016ರ ತೀರ್ಪು ನೋಡಿ. ಟ್ರಾಯ್ ತನ್ನ ಕೆಲಸದಲ್ಲಿ ಪಾರದರ್ಶಕವಾಗಿರಬೇಕು ಎಂದು ಟ್ರಾಯ್ ಕಾಯ್ದೆಯ 11(4) ಹೇಳುತ್ತದೆ. ಅಮೆರಿಕದಲ್ಲಿ ಇರುವಂಥ ಒಂದು ಕಾಯ್ದೆಯನ್ನು ಎಲ್ಲ ಇಲಾಖೆಗಳಿಗೂ ತರಬಹುದು ಎಂದು ಕೋರ್ಟ್ ಸಂಸತ್ತಿಗೆ ಸೂಚಿಸಿತು. ದಕ್ಷಿಣ ಆಫ್ರಿಕಾದಲ್ಲಂತೂ ಜನರನ್ನು ಒಳಗೊಳ್ಳಬೇಕು ಎಂದು ಸಂವಿಧಾನದಲ್ಲೇ ಇದೆ. 2006ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಜನರನ್ನು ಸರಿಯಾಗಿ ಕೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ಕಾಯ್ದೆಗಳನ್ನು ಅಸಿಂಧು ಮಾಡಿದೆ.

ಲೆಕ್ಕದವನು
ಕಾಯ್ದೆಯಲ್ಲಿ ತುರ್ತಿಗೆ ಬೇರೆ ದಾರಿ ಇಟ್ಟರೆ ನನ್ನ ತಕರಾರಿಲ್ಲ. ಸಂಸತ್ತಿನ ಸ್ಥಾಯಿ ಸಮಿತಿಗಳು ಇರುವುದೂ ಇದಕ್ಕೇ ಅಲ್ವಾ? ಜನರು ಅಲ್ಲಿ ಬರೆಯಲಿ.

ಗ್ರಂಥಾಲಯ_ಮೂಲೆ
ಸಮಿತಿಗೆ ಹೋದರೆ ತಾನೇ? ಸಂಸತ್ತಿನ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಲೆಕ್ಕದ ಪ್ರಕಾರ 15ನೇ ಲೋಕಸಭೆಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು. 17ನೇ ಲೋಕಸಭೆಯಲ್ಲಿ ಶೇ 16.

ಬೇಸತ್ತವನು
ನಮ್ಮ ರಾಜ್ಯದ ವಿಷಯ ಯಾರೂ ಎತ್ತಲಿಲ್ಲ. 2025ರ ಜೂನ್‌ನಲ್ಲಿ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಅಂತ ಒಂದು ಪ್ರತಿ ಎಲ್ಲೆಡೆ ಓಡಾಡಿತು. 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ! ಜನ ಅದನ್ನು ಓದಿದ್ದು ಮಾಧ್ಯಮದಲ್ಲಿ. ಇನ್ನೂ ಕರಡು, ಚರ್ಚೆ ಮಾಡುತ್ತೇವೆ ಎಂಬ ಮಾತು ಬಂದದ್ದು ಗಲಾಟೆ ಆದ ಮೇಲೆ. ಕರಡು ಸೋರಿ ಬರಬೇಕಾ? ಸರ್ಕಾರವೇ ಮೊದಲು ಹಾಕಬಾರದಾ? ಯಾವ ಪಕ್ಷ ಬಂದರೂ ಇದೇ ಚಾಳಿ.

ಸಂಜೆ_ಓದುಗ
ಕೇರಳದಲ್ಲೂ ಹಾಗೇ. 2020ರ ನವೆಂಬರ್‌ನಲ್ಲಿ ಪೊಲೀಸ್ ಕಾಯ್ದೆಗೆ 118ಎ ಸೇರಿಸುವ ಸುಗ್ರೀವಾಜ್ಞೆ ಬಂತು. ನಿಂದನೆಯ ಪೋಸ್ಟಿಗೆ 3 ವರ್ಷದವರೆಗೆ ಜೈಲು. ಕೆಲವೇ ದಿನಗಳಲ್ಲಿ ವಾಪಸ್ ತೆಗೆದುಕೊಂಡರು. 2014ರ ಕೇಂದ್ರದ ನೀತಿ ರಾಜ್ಯಗಳಿಗೆ ಅನ್ವಯಿಸುವುದಿಲ್ಲ ಎನ್ನುವುದೂ ಇಲ್ಲಿ ಮುಖ್ಯ.

ಸಮುದಾಯ_ರೇಡಿಯೋ
ಪ್ರಸಾರ ಮಸೂದೆಯ ಕಥೆ ಇನ್ನೂ ವಿಚಿತ್ರ. 2023ರ ಕರಡನ್ನು ಎಲ್ಲರೂ ಓದಬಹುದಿತ್ತು, ಅಭಿಪ್ರಾಯ ಕಳಿಸುವ ಗಡುವು 2024ರ ಜನವರಿ 15ರವರೆಗೆ ವಿಸ್ತರಣೆಯೂ ಆಯಿತು. ಆದರೆ 2024ರ ಜುಲೈನಲ್ಲಿ ತಿದ್ದಿದ ಕರಡು ಆಯ್ದ ಕೆಲವರಿಗೆ ಮಾತ್ರ ಸಿಕ್ಕಿತು ಎಂದು ವರದಿಯಾಯಿತು. ಸೋರಿದರೆ ಯಾರಿಂದ ಎಂದು ತಿಳಿಯಲು ಒಬ್ಬೊಬ್ಬರ ಪ್ರತಿಗೂ ಬೇರೆ ಬೇರೆ ವಾಟರ್‌ಮಾರ್ಕ್. ಆಗಸ್ಟ್ 12ರಂದು ಸಚಿವಾಲಯ ಅಕ್ಟೋಬರ್ 15ರವರೆಗೆ ಮತ್ತೆ ಸಮಯ ಕೊಟ್ಟು, ಹೊಸ ಕರಡು ತರುವುದಾಗಿ ಹೇಳಿತು. ಯೂಟ್ಯೂಬಿನವರಿಗೆ ಏನಾಗುತ್ತದೆ ಅನ್ನುವುದೇ ಆ ಕರಡಿನ ದೊಡ್ಡ ಪ್ರಶ್ನೆ ಆಗಿತ್ತು. ಪ್ರತಿ ಸಿಕ್ಕವರಲ್ಲಿ ಇಂಥ ಸಣ್ಣ ಚಾನೆಲ್‌ನವರು ಎಷ್ಟು ಜನ ಇದ್ದಿರಬಹುದು?

ಸಣ್ಣ_ಚಾನೆಲ್
ಎಲ್ಲರಿಗೂ ಧನ್ಯವಾದ. ನಮ್ಮ ಜಗಳ ಮುಗಿಯಿತು, ಮತ್ತೆ ಬರೆಯುತ್ತೇವೆ. ನನಗೆ ಬೇಕಾದದ್ದು ನಮ್ಮ ಮಾತನ್ನು ಒಪ್ಪಲೇಬೇಕು ಅನ್ನುವುದಲ್ಲ. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಎಂದು ಬರೆದು ಹಾಕಬೇಕು. ಈಗ ಹೇಳಿ, ಹೇಗೆ ಬರೆದರೆ ಓದುವ ಅಧಿಕಾರಿಯ ಕೈಗೆ ಅದು ಉಪಯೋಗಕ್ಕೆ ಬರುತ್ತದೆ?

ಕಾನೂನು_ಓದುವವಳು
ಭಾಷಣ ಬೇಡ. ಕಲಂ ಸಂಖ್ಯೆ ಬರೆಯಿರಿ. ಈಗ ಇರುವ ವಾಕ್ಯ ಹಾಕಿ, ಅದರ ಕೆಳಗೆ ನೀವು ಬಯಸುವ ವಾಕ್ಯವನ್ನೇ ಪೂರ್ತಿ ಬರೆದು ಕೊಡಿ. ಬಹಳ ಜನ ಈ ಕಲಂ ತೆಗೆಯಿರಿ ಎಂದು ಹೇಳಿ ಬಿಡುತ್ತಾರೆ. ಬದಲಿಗೆ ಏನು ಎಂದು ಹೇಳುವುದಿಲ್ಲ. ನಂತರ ಕಾರಣ, ನಿಮ್ಮ ಕೆಲಸದಿಂದಲೇ ತೆಗೆದುಕೊಂಡದ್ದು. ಉದಾಹರಣೆಗೆ ಪ್ರಸಾರ ಕರಡಿನ 20ನೇ ಕಲಂ ಆನ್‌ಲೈನ್ ಸುದ್ದಿಯವರನ್ನು ಒಳಗೆ ತರುತ್ತಿತ್ತು. ಅದೇ ಕರಡು ಕಾರ್ಯಕ್ರಮ ಪರಿಶೀಲನೆಗೆ ಒಳ ಸಮಿತಿ ಇರಬೇಕು ಎನ್ನುತ್ತಿತ್ತು. ಮೂವರೇ ಇರುವ ಚಾನೆಲ್‌ನಲ್ಲಿ ಸಮಿತಿಗೆ ಯಾರು ಕೂರುತ್ತಾರೆ, ವರದಿಗೆ ಯಾರು ಹೋಗುತ್ತಾರೆ ಎಂದು ನಿಮ್ಮ ಒಂದು ದಿನದ ಕೆಲಸ ಬರೆದು ತೋರಿಸಿ. ಇದನ್ನು ಯಾವ ದೊಡ್ಡ ವಕೀಲರೂ ನಿಮ್ಮ ಹಾಗೆ ಬರೆಯಲಾರರು.

'ಮುಂದೆ ನಿಯಮಗಳಲ್ಲಿ ಸೂಚಿಸಿದಂತೆ' ಎಂದು ಇರುವ ಕಡೆಯೆಲ್ಲ ಗುರುತು ಹಾಕಿ. ಮುಖ್ಯವಾದದ್ದನ್ನು ನಂತರಕ್ಕೆ ಬಿಡುವ ಜಾಗಗಳು ಅವೇ. ಆ ನಿಯಮಗಳ ಕರಡೂ ಜನರ ಮುಂದೆ ಬರಬೇಕು ಎಂದು ಬರೆಯಿರಿ.

ಕೇಬಲ್_ವೈರ್
ನನ್ನ ರಸೀದಿ ಪುಸ್ತಕ ಹಾಗಾದರೆ ಕೆಲಸಕ್ಕೆ ಬರುತ್ತಾ ಮೇಡಂ?

ಕಾನೂನು_ಓದುವವಳು
ಖಂಡಿತ ಬರುತ್ತದೆ ಅಣ್ಣ. ಒಂದು ವರ್ಷದ ರಸೀದಿ ಲೆಕ್ಕ ಒಂದೇ ಪುಟದಲ್ಲಿ ತಿಂಗಳುವಾರು ಬರೆಯಿರಿ. ಗ್ರಾಹಕರ ಹೆಸರು ಬೇಡ. ಅವರು ಕೇಳಿದ ಅಂಕಿ ಅಂಶ ಅದೇ.

ಬೇಸತ್ತವನು
ಸರಿ, ಬರೆಯುತ್ತೀರಿ. ಆಮೇಲೆ? 2022ರ ವೈಯಕ್ತಿಕ ದತ್ತಾಂಶ ಮಸೂದೆಗೆ ಬಂದ ಅಭಿಪ್ರಾಯಗಳನ್ನು ಪ್ರಕಟಿಸುವುದಿಲ್ಲ ಎಂದು ಮೊದಲೇ ಹೇಳಿದ್ದರು. 2019ರ ಮಸೂದೆಯಲ್ಲಿ ಪತ್ರಿಕಾ ಕೆಲಸಕ್ಕೆ ವಿನಾಯಿತಿ ಇತ್ತು. 2023ರ ಕಾಯ್ದೆಯಲ್ಲಿ ಅದು ಇಲ್ಲ. ಯಾರು ಬೇಡ ಅಂದರು ಎಂದು ತಿಳಿಯುವ ದಾರಿಯೇ ಇಲ್ಲ.

ಹಳೇ_ಡೆಸ್ಕ್
ದಾರಿ ಇದೆ, ಬಳಸುವವರು ಕಡಿಮೆ. ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಓದಿ. ಜನರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿ ರೂಪಿಸುವಾಗ ಅದಕ್ಕೆ ಸಂಬಂಧಿಸಿದ ಎಲ್ಲ ಸಂಗತಿಗಳನ್ನು ಇಲಾಖೆ ತಾನಾಗಿಯೇ ಪ್ರಕಟಿಸಬೇಕು. ಮಗಳೇ, ನಿಮ್ಮ ಇಮೇಲಿನ ಪ್ರತಿ ಇಟ್ಟುಕೊಂಡು ಆರ್‌ಟಿಐ ಹಾಕಿ. ನಮ್ಮ ಅಭಿಪ್ರಾಯವನ್ನು ಯಾಕೆ ಪರಿಗಣಿಸಲಿಲ್ಲ ಎಂದು ಕೇಳಿ.

ಅರ್ಜಿ_ಬರೆಯುವವ
ಸರ್, 'ಯಾಕೆ' ಎಂದು ಕೇಳಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮಾಹಿತಿ ಅಧಿಕಾರಿ ಕಡತದಲ್ಲಿ ಇರುವುದನ್ನು ಮಾತ್ರ ಕೊಡಬೇಕು, ಕಾರಣ ಹುಡುಕಿ ಹೇಳಬೇಕಿಲ್ಲ. ಹೀಗೆ ಕೇಳಿ:

'ಇಂಥ ದಿನಾಂಕದಂದು ಪ್ರಕಟವಾದ ಕರಡು ಮಸೂದೆಗೆ ಬಂದ ಒಟ್ಟು ಅಭಿಪ್ರಾಯಗಳ ಸಂಖ್ಯೆ ಇರುವ ದಾಖಲೆಯ ಪ್ರತಿ. ಅಭಿಪ್ರಾಯಗಳ ಸಾರಾಂಶ ಅಥವಾ ಕಲಂವಾರು ತಖ್ತೆ ತಯಾರಿಸಿದ್ದರೆ ಅದರ ಪ್ರತಿ. ಅವುಗಳ ಮೇಲೆ ಬರೆದ ಕಡತ ಟಿಪ್ಪಣಿಗಳ ಪ್ರತಿ. ಸಮಾಲೋಚನಾ ಸಭೆಗಳ ದಿನಾಂಕ, ಆಹ್ವಾನಿತ ಸಂಸ್ಥೆಗಳ ಪಟ್ಟಿ ಮತ್ತು ನಡಾವಳಿಯ ಪ್ರತಿ.'

ಇದರಲ್ಲಿ ವೈಯಕ್ತಿಕ ಮಾಹಿತಿ ಇದೆ, ಕೊಡುವುದಿಲ್ಲ ಎಂಬ ಉತ್ತರ ಬರಬಹುದು. ವೈಯಕ್ತಿಕ ಮಾಹಿತಿಯನ್ನು ಕೊಡದಿರಲು ಮಾಹಿತಿ ಹಕ್ಕು ಕಾಯ್ದೆಯಲ್ಲಿ ಇರುವ 8(1)(ಜೆ)ಯನ್ನು ದತ್ತಾಂಶ ಕಾಯ್ದೆಯ 44(3) ಮೂಲಕ ಬಿಗಿ ಮಾಡಿದ್ದಾರೆ. ಅದಕ್ಕೇ ಅರ್ಜಿಯ ಕೊನೆಗೆ ಇನ್ನೊಂದು ಸಾಲು ಸೇರಿಸಿ: 'ಸೆಕ್ಷನ್ 10ರಂತೆ ವ್ಯಕ್ತಿಗಳ ಹೆಸರು, ವಿಳಾಸ ಅಳಿಸಿ ಉಳಿದ ಭಾಗ ಕೊಡಿ.'

ಸಣ್ಣ_ಚಾನೆಲ್
ಇದನ್ನು ಹಾಗೇ ನಕಲು ಮಾಡಿಕೊಂಡೆ. ಶುಲ್ಕ ಎಷ್ಟು?

ಅರ್ಜಿ_ಬರೆಯುವವ
ಕೇಂದ್ರ ಇಲಾಖೆಗೆ 10 ರೂಪಾಯಿ. ಆನ್‌ಲೈನಿನಲ್ಲೂ ಹಾಕಬಹುದು, ಪೋಸ್ಟಲ್ ಆರ್ಡರ್ ಇಟ್ಟು ಅಂಚೆಯಲ್ಲೂ ಕಳಿಸಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ, ಅದಕ್ಕೆ ಶುಲ್ಕ ಇಲ್ಲ.

ಕಿವಿಯಿಂದ_ಓದು
ಉತ್ತರವನ್ನು ಸ್ಕ್ಯಾನ್ ಮಾಡದ ಫೈಲ್ ಆಗಿ ಇಮೇಲಿಗೆ ಕಳಿಸಿ ಎಂದೂ ಅದೇ ಅರ್ಜಿಯಲ್ಲಿ ಬರೆಯಿರಿ. ಬಂದ ಮೇಲೆ ಇಲ್ಲಿ ಹಾಕಿ, ಕಲಂವಾರು ಓದಿ ಹೋಲಿಸುವ ಕೆಲಸದಲ್ಲಿ ನಾನೂ ಇರುತ್ತೇನೆ.